ಪದೇ ಪದೇ ಅನಾರೋಗ್ಯದಿಂದ ಶಾಲೆಗೆ ಗೈರುಹಾಜರಾಗುವ ಮಕ್ಕಳು: ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ತೇವದ ಮನೆ, ದೂರದ ಶಾಲೆ ಹಾಗೂ ಬೇಸಿಗೆಯಲ್ಲಿ ಕಾಡಿನಂಚಿನ ಜ್ವರ ಇವುಗಳಿಂದಾಗಿ ಮಕ್ಕಳು ಹಲವು ದಿನ ಶಾಲೆಯಿಂದ ಹೊರಗುಳಿಯುವುದು ಸಾಮಾನ್ಯವಾಗಿದೆ. ಇಂತಹ ಮಗುವಿನ ಪೋಷಕರು ಶಾಲೆಗೆ ಏನನ್ನು ತಿಳಿಸಬೇಕು, ಆಸ್ಪತ್ರೆಯಲ್ಲಿ ಯಾವ ಸೌಲಭ್ಯ ಪಡೆಯಬಹುದು, ಮಗುವಿನ ಶಿಕ್ಷಣದ ಹಕ್ಕು ಯಾವುದು ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

1. ಗೈರುಹಾಜರಿಯನ್ನು ಲೆಕ್ಕವಿಡುವುದು ಏಕೆ ಅಗತ್ಯ?

ಒಂದೆರಡು ದಿನಗಳ ಗೈರುಹಾಜರಿ ಆಯಾ ಸಮಯದಲ್ಲಿ ದೊಡ್ಡದೆಂದು ತೋರುವುದಿಲ್ಲ. ಆದರೆ ವರ್ಷದ ಕೊನೆಯಲ್ಲಿ ಕೂಡಿದಾಗ ಚಿತ್ರ ಬೇರೆಯಾಗುತ್ತದೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಹಾಗೂ 6ರಿಂದ 8ನೇ ತರಗತಿಗೆ ಕನಿಷ್ಠ 220 ಶಾಲಾ ದಿನಗಳು ಇರತಕ್ಕದ್ದು. ಮಗು ತಿಂಗಳಿಗೆ ಮೂರು ದಿನ ಮಾತ್ರ ತಪ್ಪಿಸಿಕೊಂಡರೂ ಹತ್ತು ತಿಂಗಳಿಗೆ 30 ದಿನಗಳಾಗುತ್ತವೆ. ಇದು 200 ದಿನಗಳ ಶೇ. 15ರಷ್ಟು, ಅಂದರೆ ಪೂರ್ಣ ಐದು ವಾರಗಳ ಪಾಠ.

ಆದುದರಿಂದ ಪೋಷಕರು ಮನೆಯ ಕ್ಯಾಲೆಂಡರಿನಲ್ಲಿಯೇ ಗೈರುಹಾಜರಾದ ದಿನವನ್ನೂ ಅದರ ಕಾರಣವನ್ನೂ (ಜ್ವರ, ಕೆಮ್ಮು, ಉಬ್ಬಸ, ಹೊಟ್ಟೆನೋವು, ಭೇದಿ) ಬರೆದಿಡುವುದು ಒಳ್ಳೆಯದು. ಎರಡು ಮೂರು ತಿಂಗಳ ಇಂತಹ ದಾಖಲೆ ವೈದ್ಯರಿಗೆ ಬಹಳ ಉಪಯುಕ್ತ. ಮಳೆಗಾಲದಲ್ಲಿ ಮಾತ್ರ ಬರುವ ಉಬ್ಬಸ, ಪರೀಕ್ಷೆಯ ವಾರದಲ್ಲಿ ಮಾತ್ರ ಬರುವ ಹೊಟ್ಟೆನೋವು, ಸೋಮವಾರ ಬೆಳಿಗ್ಗೆ ಮಾತ್ರ ಬರುವ ತಲೆನೋವು ಇವುಗಳ ಕಾರಣ ಬೇರೆ ಬೇರೆಯಾಗಿರುತ್ತವೆ. ಅದು ಬರೆದಿಟ್ಟಾಗ ಮಾತ್ರ ಕಂಡುಬರುತ್ತದೆ.

2. ಯಾವಾಗ ಮನೆಯಲ್ಲಿ ಇರಿಸಬೇಕು, ಯಾವಾಗ ಕಳುಹಿಸಬಹುದು?

ಚಿಕ್ಕ ಮಕ್ಕಳಿಗೆ ವರ್ಷದಲ್ಲಿ ಆರೇಳು ಬಾರಿ ನೆಗಡಿ ಬರುವುದು ಅಸಹಜವಲ್ಲ. ಮೂಗು ಸೋರುವಿಕೆ ಅಥವಾ ಅಲ್ಪ ಕೆಮ್ಮು ಇದ್ದು, ಜ್ವರವಿಲ್ಲದೆ ಮಗು ಲವಲವಿಕೆಯಿಂದ ಊಟ ಮಾಡುತ್ತಿದ್ದರೆ ಶಾಲೆಗೆ ಕಳುಹಿಸಬಹುದು. ಜ್ವರ, ವಾಂತಿ, ಭೇದಿ, ಸಿಡುಬಿನಂತಹ ಗುಳ್ಳೆಗಳು, ಕಣ್ಣು ಕೆಂಪಾಗಿ ಕೀವು ಬರುವುದು ಇವುಗಳಿದ್ದಲ್ಲಿ ಕಳುಹಿಸಬಾರದು. ಜ್ವರ ಬಿಟ್ಟು 24 ಗಂಟೆಗಳಾದ ನಂತರ ಕಳುಹಿಸುವುದು ಸೂಕ್ತ.

ಈ ಕೆಳಕಂಡ ಲಕ್ಷಣಗಳಿದ್ದಲ್ಲಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು.

ಅ) ಉಸಿರಾಟದಲ್ಲಿ ಏದುಸಿರು, ಪಕ್ಕೆ ಒಳಸೆಳೆತ
ಆ) ಫಿಟ್ಸ್, ಅರೆಪ್ರಜ್ಞೆ ಅಥವಾ ಎಬ್ಬಿಸಿದರೂ ಏಳದಿರುವುದು
ಇ) ಮೂಗು, ವಸಡು, ವಾಂತಿ ಅಥವಾ ಮಲದಲ್ಲಿ ರಕ್ತ
ಈ) ಕುಡಿದದ್ದೆಲ್ಲ ವಾಂತಿಯಾಗುವುದು, ಮೂತ್ರ ಕಡಿಮೆಯಾಗುವುದು
ಉ) ಮೂರು ದಿನಗಳಾದರೂ ಇಳಿಯದ ಜ್ವರ

3. ಮಲೆನಾಡಿನಲ್ಲಿ ಮಕ್ಕಳ ಅನಾರೋಗ್ಯದ ಸಾಮಾನ್ಯ ಕಾರಣಗಳು

ಉಸಿರಾಟದ ತೊಂದರೆ: ಮಳೆಗಾಲದಲ್ಲಿ ಗೋಡೆಗಳಿಗೆ ಬೂಷ್ಟು ಹಿಡಿಯುವುದು, ಒಣಗದ ಬಟ್ಟೆ ಹಾಗೂ ಸೌದೆ ಒಲೆಯ ಹೊಗೆ ಇವು ಅಸ್ತಮಾ ಇರುವ ಮಗುವಿಗೆ ಹಾನಿಕರ. ಬಟ್ಟೆ ಒಣಗಿಸಲು ಒಲೆಯ ಮೇಲೆ ಕಟ್ಟುವುದು ನಮ್ಮ ಭಾಗದ ರೂಢಿಯಾದರೂ ಮಗು ಮಲಗುವ ಕೋಣೆಯನ್ನು ಹೊಗೆಯಿಂದ ಬೇರೆಯಾಗಿಡಬೇಕು. ಪ್ರತಿ ಮಳೆಗಾಲವೂ ಕೆಮ್ಮು, ಉಬ್ಬಸ ಮರುಕಳಿಸಿದರೆ ಅದನ್ನು "ಥಂಡಿ" ಎಂದು ಬಿಡದೆ ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಇನ್‌ಹೇಲರ್ ಬಳಸಿದರೆ ಚಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ವೈದ್ಯರು ಸೂಚಿಸಿದಂತೆ ಬಳಸಿದ ಮಗು ಶಾಲೆ ತಪ್ಪಿಸಿಕೊಳ್ಳುವ ದಿನಗಳು ಕಡಿಮೆಯಾಗುತ್ತವೆ. ಎರಡು ವಾರಕ್ಕೂ ಮೀರಿದ ಕೆಮ್ಮು ಇದ್ದಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸತಕ್ಕದ್ದು. ಈ ಪರೀಕ್ಷೆ ಹಾಗೂ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಭೇದಿ ಮತ್ತು ಜಂತುಹುಳು: ಮಳೆ ಆರಂಭವಾದೊಡನೆ ತೆರೆದ ಬಾವಿ, ಹಳ್ಳ ಮತ್ತು ಗುಡ್ಡದ ಅಬ್ಬಿ ನೀರು ಕಲುಷಿತವಾಗುತ್ತದೆ. ಕುದಿಸಿ ಆರಿಸಿದ ನೀರನ್ನೇ ಶಾಲೆಗೂ ಬಾಟಲಿಯಲ್ಲಿ ಕಳುಹಿಸಬೇಕು. ಭೇದಿಯಾದಾಗ ಓ.ಆರ್.ಎಸ್. ಹಾಗೂ 14 ದಿನಗಳ ಸತು (ಜಿಂಕ್) ಮಾತ್ರೆ ಕೊಡಬೇಕು. ಇವು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತವೆ. ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳುವಿನ ಸೋಂಕು ತಗುಲಿ ರಕ್ತಹೀನತೆ ಉಂಟಾಗಬಹುದು. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಹಾಗೂ ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. ಅಂದು ಗೈರುಹಾಜರಾದ ಮಕ್ಕಳಿಗೆ ನಂತರ ನಿಗದಿಯಾಗುವ ದಿನದಂದು ಕೊಡಲಾಗುವುದರಿಂದ ಶಿಕ್ಷಕರನ್ನು ವಿಚಾರಿಸಬೇಕು.

ರಕ್ತಹೀನತೆ: ಸದಾ ಆಯಾಸ, ಬಿಳಿಚಿದ ಮುಖ, ಪಾಠದಲ್ಲಿ ಗಮನವಿಲ್ಲದಿರುವುದು ಇದರ ಲಕ್ಷಣಗಳು. ಶಾಲೆಗಳ ಮೂಲಕ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನೀಡುವ ಕಾರ್ಯಕ್ರಮವಿದ್ದು, ಕಿರಿಯ ತರಗತಿಯವರಿಗೆ ಗುಲಾಬಿ ಬಣ್ಣದ ಹಾಗೂ ಹಿರಿಯ ತರಗತಿಯವರಿಗೆ ನೀಲಿ ಬಣ್ಣದ ಮಾತ್ರೆ ಕೊಡಲಾಗುತ್ತದೆ. ಇದನ್ನು ಊಟದ ನಂತರ ಸೇವಿಸಬೇಕು. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಹಾಗೂ ಮೊಟ್ಟೆ ಅಥವಾ ಬಾಳೆಹಣ್ಣು ಪೌಷ್ಟಿಕತೆಗೆ ಪೂರಕವಾಗಿವೆ. ಶಾಲೆ ತಪ್ಪಿದ ದಿನ ಮಗುವಿಗೆ ಈ ಆಹಾರವೂ ತಪ್ಪುತ್ತದೆ ಎಂಬುದನ್ನು ಪೋಷಕರು ಗಮನಿಸಬೇಕು.

ಮಂಗನ ಕಾಯಿಲೆ: ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಈ ವೈರಾಣು ಜ್ವರ ಮಲೆನಾಡಿನ ಇತರ ತಾಲ್ಲೂಕುಗಳಿಗೂ ಹರಡಿದ್ದು, 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿಯೂ ಪ್ರಕರಣಗಳು ವರದಿಯಾಗಿದ್ದವು. ನವೆಂಬರ್ – ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. ಸೋಂಕಿತ ಉಣ್ಣೆ (ಉಣುಗು) ಕಚ್ಚುವುದರಿಂದ ಇದು ಬರುತ್ತದೆಯೇ ಹೊರತು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದುದರಿಂದ ಈ ಕಾಯಿಲೆಯಿಂದ ಗುಣಮುಖವಾದ ಮಗುವನ್ನು ತರಗತಿಯಲ್ಲಿ ಬೇರೆ ಕೂರಿಸುವುದಕ್ಕೆ ಯಾವುದೇ ಆಧಾರವಿಲ್ಲ.

ಹಠಾತ್ ಜ್ವರ, ತೀವ್ರ ತಲೆನೋವು ಮತ್ತು ಮೈಕೈನೋವು ಇದರ ಲಕ್ಷಣಗಳು. ಕೆಲವರಿಗೆ ಜ್ವರ ಇಳಿದು ಒಂದೆರಡು ವಾರದ ನಂತರ ಮತ್ತೆ ಬರುತ್ತದೆ. ನಿಶ್ಶಕ್ತಿ ಹಲವು ವಾರ ಉಳಿಯಬಹುದಾದ್ದರಿಂದ ಜ್ವರ ಬಿಟ್ಟ ಕೂಡಲೇ ಮಗುವನ್ನು ದೂರ ನಡೆದು ಶಾಲೆಗೆ ಹೋಗುವಂತೆ ಒತ್ತಾಯಿಸಬಾರದು. ಹಿಂದೆ ನೀಡಲಾಗುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಆದುದರಿಂದ ಮುನ್ನೆಚ್ಚರಿಕೆಯೇ ಮುಖ್ಯ. ರಜಾ ದಿನಗಳಲ್ಲಿ ಸೌದೆ, ಸೊಪ್ಪು, ತರಗೆಲೆ ತರಲು ಅಥವಾ ದನ ಕಾಯಲು ಮಕ್ಕಳನ್ನು ಕಾಡಿಗೆ ಕಳುಹಿಸಬಾರದು. ಅನಿವಾರ್ಯವಾಗಿ ಹೋಗುವ ಹಿರಿಯರು ಆರೋಗ್ಯ ಇಲಾಖೆ ವಿತರಿಸುವ ಡೇಪಾ ತೈಲವನ್ನು ಲೇಪಿಸಿಕೊಂಡು, ಮೈತುಂಬ ಬಟ್ಟೆ ಧರಿಸಿ ಹೋಗಬೇಕು. ಹಿಂದಿರುಗಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರು ಮತ್ತು ಸೋಪಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡಲ್ಲಿ ಸಮೀಪ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು.

ಈ ತಿಂಗಳುಗಳಲ್ಲಿ ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡದೆ ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ಮಳೆಗಾಲದ ಡೆಂಗಿ ಮತ್ತು ಇಲಿಜ್ವರಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಮನಸ್ಸಿನ ಕಾರಣ: ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು ಬಂದು ಮಧ್ಯಾಹ್ನದ ವೇಳೆಗೆ ಇಲ್ಲವಾದರೆ ಮಗು ಸುಳ್ಳು ಹೇಳುತ್ತಿದೆ ಎಂದು ಗದರಿಸಬಾರದು. ಭಯದಿಂದ ಬರುವ ನೋವೂ ಮಗುವಿಗೆ ನೋವೇ. ದೀರ್ಘಕಾಲ ಗೈರಾದ ಮಗುವಿಗೆ ಪಾಠ ಹಿಂದುಳಿದಿರುವುದೇ ಮರಳಿ ಹೋಗಲು ಅಂಜಿಕೆಯಾಗುತ್ತದೆ. ತರಗತಿ ಶಿಕ್ಷಕರೊಡನೆ ಮಾತನಾಡಬೇಕು. ಉಚಿತ ಆಪ್ತಸಲಹೆಗೆ ಟೆಲಿ ಮನಸ್ ಸಹಾಯವಾಣಿ 14416ನ್ನು ಸಂಪರ್ಕಿಸಬಹುದು.

4. ಶಾಲೆಗೆ ತಿಳಿಸುವ ವಿಧಾನ

ಅನಾರೋಗ್ಯದ ಮೊದಲ ದಿನವೇ ತರಗತಿ ಶಿಕ್ಷಕರಿಗೆ ದೂರವಾಣಿ ಮೂಲಕ ಅಥವಾ ನೆರೆಯ ಮಕ್ಕಳ ಮೂಲಕ ಚೀಟಿ ಕಳುಹಿಸಿ ತಿಳಿಸಬೇಕು. ಹಲವು ದಿನಗಳ ಗೈರುಹಾಜರಿಯಾದಲ್ಲಿ ಲಿಖಿತ ಅರ್ಜಿ ಕೊಡುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ಕಾರಣ ತಿಳಿಸದೆ ದೀರ್ಘಕಾಲ ಗೈರಾದ ಮಗು ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿಗೆ ಸೇರುವ ಸಂಭವವಿರುತ್ತದೆ. ಅರ್ಜಿಗೆ ಯಾವುದೇ ಶುಲ್ಕವಿಲ್ಲ. ಅರ್ಜಿಯ ಮಾದರಿ ಹೀಗಿದೆ:

ಇವರಿಗೆ: ಮುಖ್ಯಶಿಕ್ಷಕರು, ........ ಶಾಲೆ, ........
ವಿಷಯ: ........ನೇ ತರಗತಿಯ ವಿದ್ಯಾರ್ಥಿ ........ ಇವರ ಅನಾರೋಗ್ಯದ ರಜೆಯ ಬಗ್ಗೆ.
ಮಾನ್ಯರೇ, ನನ್ನ ಮಗ/ಮಗಳು ದಿನಾಂಕ ........ರಿಂದ ........ ಕಾರಣ ಅನಾರೋಗ್ಯದಿಂದಿದ್ದು, ........ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುತ್ತಾನೆ/ಳೆ. ವೈದ್ಯರ ಚೀಟಿಯ ಪ್ರತಿ ಲಗತ್ತಿಸಿದೆ. ಈ ಅವಧಿಯ ರಜೆಯನ್ನು ಮಂಜೂರು ಮಾಡಿ, ತಪ್ಪಿದ ಪಾಠಗಳನ್ನು ತುಂಬಿಕೊಡಲು ಸಹಕರಿಸಬೇಕೆಂದು ಕೋರುತ್ತೇನೆ.
ಪೋಷಕರ ಸಹಿ, ದಿನಾಂಕ, ದೂರವಾಣಿ ಸಂಖ್ಯೆ

ಅರ್ಜಿಯ ಒಂದು ಪ್ರತಿಯ ಮೇಲೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಆಸ್ಪತ್ರೆಯ ಹೊರರೋಗಿ ಚೀಟಿ ಹಾಗೂ ಬಿಡುಗಡೆ ಪತ್ರಗಳನ್ನು ಒಂದೇ ಕಡತದಲ್ಲಿ ಜೋಪಾನವಾಗಿಡಬೇಕು. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಮಧುಮೇಹ ಇರುವ ಮಕ್ಕಳ ಬಗ್ಗೆ ವರ್ಷಾರಂಭದಲ್ಲಿಯೇ ಶಾಲೆಗೆ ಬರೆದುಕೊಟ್ಟು, ತುರ್ತು ಸಂದರ್ಭದಲ್ಲಿ ಕೊಡಬೇಕಾದ ಔಷಧವನ್ನು ತಿಳಿಸಬೇಕು.

10ನೇ ತರಗತಿಯ ಪೋಷಕರ ಗಮನಕ್ಕೆ: ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳಲು ಶಾಲಾ ವಿದ್ಯಾರ್ಥಿಗೆ ಶೇ. 75ರಷ್ಟು ಹಾಜರಾತಿ ಅಗತ್ಯ. ಶಾಲಾ ದಿನಗಳು 220 ಎಂದು ಭಾವಿಸಿದರೆ 165 ದಿನ ಹಾಜರಿರಬೇಕು. ಗೈರುಹಾಜರಿ 55 ದಿನಗಳನ್ನು ಮೀರಬಾರದು. ಗೈರುಹಾಜರಿ 30 ದಿನ ತಲುಪಿದಾಗಲೇ ಮುಖ್ಯಶಿಕ್ಷಕರನ್ನು ವೈದ್ಯಕೀಯ ದಾಖಲೆಗಳೊಂದಿಗೆ ಭೇಟಿಯಾಗಬೇಕು. ಪರೀಕ್ಷೆ ಹತ್ತಿರವಾದಾಗ ತರುವ ಪ್ರಮಾಣಪತ್ರಕ್ಕಿಂತ ಆಯಾ ಸಮಯದ ದಾಖಲೆಗೆ ಹೆಚ್ಚಿನ ಬೆಲೆಯಿದೆ.

5. ಮಗುವಿನ ಹಕ್ಕುಗಳು

1 ಏಪ್ರಿಲ್ 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ:

ಅ) ಪ್ರಾಥಮಿಕ ಶಿಕ್ಷಣ (8ನೇ ತರಗತಿ) ಪೂರ್ಣಗೊಳ್ಳುವವರೆಗೆ ಯಾವುದೇ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅನಾರೋಗ್ಯದ ಗೈರುಹಾಜರಿಯ ಕಾರಣ ನೀಡಿ ವರ್ಗಾವಣೆ ಪತ್ರ ಪಡೆದುಕೊಳ್ಳುವಂತೆ ಒತ್ತಾಯಿಸಿದಲ್ಲಿ ಪೋಷಕರು ಒಪ್ಪಬೇಕಾಗಿಲ್ಲ.
ಆ) ಶಾಲೆ ಬಿಟ್ಟು ಹೋಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಇತರರ ಸಮಕ್ಕೆ ಬರಲು ವಿಶೇಷ ತರಬೇತಿ ನೀಡಬೇಕು.
ಇ) ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದೂ ಪ್ರವೇಶ ತಡೆಯುವಂತಿಲ್ಲ. ಕಾಫಿ ಮತ್ತು ಅಡಿಕೆ ತೋಟಗಳ ಲೈನ್ ಮನೆಗಳಲ್ಲಿ ವಾಸಿಸುವ, ಹೊರ ಜಿಲ್ಲೆ ಹಾಗೂ ಹೊರ ರಾಜ್ಯಗಳಿಂದ ಬಂದ ಕಾರ್ಮಿಕರ ಮಕ್ಕಳಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.
ಈ) ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ಕೆ ಮಾಡಿಕೊಳ್ಳಬಹುದು. ಇದಕ್ಕಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಬೇಕು.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಕಾಯಿಲೆಗಳನ್ನೂ ಸೇರಿಸಲಾಗಿದೆ. ಇಂತಹ ಮಕ್ಕಳ ಪೋಷಕರು ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು.

ಮನೆಯಲ್ಲಿ ಒಂದು ಮಗು ಕಾಯಿಲೆ ಬಿದ್ದಾಗ ಅದನ್ನು ನೋಡಿಕೊಳ್ಳಲು ಹಿರಿಯ ಹೆಣ್ಣುಮಗುವನ್ನು ಶಾಲೆ ಬಿಡಿಸುವುದು ಕಂಡುಬಂದಿದೆ. ಇದರಿಂದ ಒಂದು ಕಾಯಿಲೆಗೆ ಇಬ್ಬರ ಓದು ಹೋಗುತ್ತದೆ. ಇದನ್ನು ದಯವಿಟ್ಟು ಮಾಡಬಾರದಾಗಿ ಕೋರಲಾಗಿದೆ.

6. ಚಿಕಿತ್ಸೆಯ ಸೌಲಭ್ಯಗಳು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (2013): ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ ತಪಾಸಣೆ ನಡೆಸುತ್ತದೆ. ಪದೇ ಪದೇ ಗೈರಾಗುವ ಮಗುವೇ ತಪಾಸಣೆಯ ದಿನವೂ ತಪ್ಪಿಹೋಗುವುದುಂಟು. ದಿನಾಂಕವನ್ನು ಮೊದಲೇ ಕೇಳಿ ತಿಳಿದು, ಅಂದು ಪೋಷಕರೂ ಜೊತೆಗಿರುವುದು ಉತ್ತಮ. ತಂಡ ಸೂಚಿಸಿದ ಮಕ್ಕಳಿಗೆ ಮುಂದಿನ ಚಿಕಿತ್ಸೆ ಉಚಿತ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ (2018): ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ನೋಂದಾಯಿಸಿಕೊಳ್ಳಬೇಕು. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿದೆಯೇ ಎಂದು ಕಾಯಿಲೆ ಬರುವ ಮೊದಲೇ ಪರಿಶೀಲಿಸಿಕೊಳ್ಳಬೇಕು. ತುರ್ತಲ್ಲದ ಸಂದರ್ಭದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಇದಿಲ್ಲದೆ ನೇರವಾಗಿ ದೂರದ ಖಾಸಗಿ ಆಸ್ಪತ್ರೆಗೆ ಹೋದವರು ಸೌಲಭ್ಯದಿಂದ ವಂಚಿತರಾಗುವ ಸಂಭವವಿದೆ. ತುರ್ತು ಚಿಕಿತ್ಸೆಗೆ ಈ ಪತ್ರ ಬೇಕಾಗಿಲ್ಲ.

ಲಸಿಕೆ: 5 – 6 ವರ್ಷಕ್ಕೆ ಡಿ.ಪಿ.ಟಿ. ವರ್ಧಕ ಹಾಗೂ 10 ಮತ್ತು 16 ವರ್ಷಕ್ಕೆ ಟಿ.ಡಿ. ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

7. ತಪ್ಪಿದ ಪಾಠ ತುಂಬಿಕೊಳ್ಳುವ ಬಗೆ

ಮಗು ಚೇತರಿಸಿಕೊಂಡ ಮೇಲೆ ಎಲ್ಲ ಟಿಪ್ಪಣಿಯನ್ನೂ ಒಂದೇ ವಾರದಲ್ಲಿ ಬರೆಯಿಸುವುದು ಸರಿಯಲ್ಲ. ಕಿರಿಯ ತರಗತಿಗಳಲ್ಲಿ ಓದು, ಬರಹ ಮತ್ತು ಲೆಕ್ಕಕ್ಕೆ ಮೊದಲ ಆದ್ಯತೆ ಇರಲಿ. ಲೆಕ್ಕದಲ್ಲಿ ಹಿಂದಿನ ಪಾಠ ತಿಳಿಯದೆ ಮುಂದಿನದು ತಿಳಿಯದಾದ್ದರಿಂದ ಯಾವ ಪಾಠಗಳು ಮುಖ್ಯವೆಂದು ಶಿಕ್ಷಕರಿಂದ ಗುರುತು ಹಾಕಿಸಿಕೊಳ್ಳಬೇಕು. ಒಂದೇ ಊರಿನ ಸಹಪಾಠಿಯೊಬ್ಬರು ದಿನವೂ ಪಾಠದ ವಿವರ ತಿಳಿಸುವ ಏರ್ಪಾಡು ಮಾಡಿಕೊಳ್ಳಬಹುದು. ಮೊಬೈಲ್ ಸಂಕೇತ ಸಿಗದ ಹಳ್ಳಿಗಳಲ್ಲಿ ಇದೇ ಭರವಸೆಯ ಮಾರ್ಗ. ಹಾಸಿಗೆಯಲ್ಲಿರುವ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಓದಿ ಹೇಳಿದರೂ ಶಾಲೆಯೊಂದಿಗಿನ ನಂಟು ಉಳಿಯುತ್ತದೆ.

8. ಯಾರನ್ನು ಸಂಪರ್ಕಿಸಬೇಕು?

ಮೊದಲು ತರಗತಿ ಶಿಕ್ಷಕರು ಮತ್ತು ಮುಖ್ಯಶಿಕ್ಷಕರು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅನಂತರ ಆಯಾ ತಾಲ್ಲೂಕಿನ (ಕೊಪ್ಪ, ಶೃಂಗೇರಿ ಅಥವಾ ನರಸಿಂಹರಾಜಪುರ) ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಗತ್ಯವಿದ್ದಲ್ಲಿ ಚಿಕ್ಕಮಗಳೂರಿನ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಲಿಖಿತ ಮನವಿ ಸಲ್ಲಿಸಬಹುದು. ಆರೋಗ್ಯ ಸಂಬಂಧಿತ ವಿಷಯಗಳಿಗೆ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಂಪರ್ಕಿಸುವುದು. ಮಗುವಿನ ರಕ್ಷಣೆಗೆ ಸಂಬಂಧಿಸಿದಂತೆ ಮಕ್ಕಳ ಸಹಾಯವಾಣಿ 1098 ಉಚಿತವಾಗಿ ಲಭ್ಯವಿದೆ.

ಮನವಿಯಲ್ಲಿ ಮಗುವಿನ ಹೆಸರು, ತರಗತಿ, ಶಾಲೆ, ಗೈರುಹಾಜರಿಯ ಅವಧಿ, ಕೋರುವ ಪರಿಹಾರ ಇಷ್ಟನ್ನು ಸ್ಪಷ್ಟವಾಗಿ ಬರೆದು, ವೈದ್ಯಕೀಯ ದಾಖಲೆಗಳ ನೆರಳಚ್ಚು ಪ್ರತಿಗಳನ್ನು ಮಾತ್ರ ಲಗತ್ತಿಸಬೇಕು. ಮೂಲ ದಾಖಲೆಗಳನ್ನು ಯಾವ ಕಚೇರಿಗೂ ಬಿಟ್ಟುಕೊಡದೆ, ಪರಿಶೀಲನೆಗೆ ತೋರಿಸಿ ಹಿಂಪಡೆಯತಕ್ಕದ್ದು.