ಬೆರಳ ತುದಿಯ ತಕ್ಕಡಿ

ಶಿಗ್ಗಾಂವದ ಅಂಗಡಿಯಲ್ಲಿ ಜೋಳ ಕೊಳ್ಳುವಾಗ ತೂಕದ ಕಲ್ಲಿನ ಮೇಲೆ ಸರಕಾರದ ಮುದ್ರೆಯಿರಬೇಕೆಂದು ನಾವು ಬಯಸುತ್ತೇವೆ. ಪ್ರಾಣವನ್ನೇ ತೂಗುವ ತಕ್ಕಡಿಯ ವಿಷಯದಲ್ಲಿ ಮಾತ್ರ ನಾವು ಹೀಗೆ ವಿಚಾರಿಸಿದವರಲ್ಲ. 2021ರ ಮೇ ತಿಂಗಳಲ್ಲಿ ಕೋವಿಡ್ ಬೇನೆಯು ಹಳ್ಳಿಗಳನ್ನು ಹೊಕ್ಕಾಗ, ಊರೂರಲ್ಲಿಯೂ ಆಕ್ಸಿಮೀಟರುಗಳಿರಬೇಕೆಂದೂ ಆಶಾ ಕಾರ್ಯಕರ್ತೆಯರ ಮುಖಾಂತರ ಅವನ್ನು ಮನೆಗಳಿಗೆ ಎರವಲು ಕೊಡಬಹುದೆಂದೂ ಕೇಂದ್ರ ಸರಕಾರವು ಸೂಚಿಸಿತು. ಅಂಕೆಯು 94ಕ್ಕಿಂತ ಕೆಳಗಿಳಿದರೆ ಭಯ, ಮೇಲಿದ್ದರೆ ನೆಮ್ಮದಿ. ಆ ಅಂಕೆಗೆ ಮುದ್ರೆಯೊತ್ತಿದವರಾರು?

ಈ ಯಂತ್ರದ ಯುಕ್ತಿಯನ್ನು ಜಪಾನಿನ ತಕುವೋ ಅಯೋಯಾಗಿಯವರು 1974ರಲ್ಲಿ ಲೋಕಕ್ಕೆ ತಿಳಿಸಿದರು. ಆಮ್ಲಜನಕ ತುಂಬಿದ ರಕ್ತವು ಕೆಂಪು ಬೆಳಕನ್ನು ಹೆಚ್ಚಾಗಿ ಹಾಯಗೊಡುವುದು. ಆಮ್ಲಜನಕ ತಗ್ಗಿದ ರಕ್ತವು ಅದನ್ನು ಹೀರಿಕೊಳ್ಳುವುದು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಇದು ತಿರುವುಮುರುವು. ಎರಡು ಬೆಳಕುಗಳೂ ನಾಡಿಯೊಡನೆ ಏರಿಳಿಯುವ ಪ್ರಮಾಣವನ್ನು ಯಂತ್ರವು ಹೋಲಿಸುತ್ತದೆ.

ಆದರೆ ಹೋಲಿಕೆಯಿಂದ ಅಂಕೆಯು ತಾನಾಗಿ ಹುಟ್ಟದು. ಆರೋಗ್ಯವಂತರಾದ ಸ್ವಯಂಸೇವಕರಿಗೆ ಆಮ್ಲಜನಕ ಕಡಮೆಯಾದ ಗಾಳಿಯನ್ನು ಉಸಿರಾಡಿಸಿ, ಅವರ ಅಪಧಮನಿಯ ರಕ್ತವನ್ನು ಪರೀಕ್ಷಿಸಿ, 100ರಿಂದ 70ರವರೆಗೆ ತಾಳೆ ನೋಡಿ ಒಂದು ಕೋಷ್ಟಕವನ್ನು ರಚಿಸುತ್ತಾರೆ. ಕಾರ್ಖಾನೆಯಲ್ಲಿ ತಯಾರಾಗುವ ಸಾವಿರಾರು ಯಂತ್ರಗಳಿಗೆ ಒಂದೊಂದಾಗಿ ಹೀಗೆ ಮಾಡುವುದು ಅಸಾಧ್ಯ. ಆ ಒಂದೇ ಕೋಷ್ಟಕವನ್ನು ಎಲ್ಲಕ್ಕೂ ತುಂಬುವರು. ಇಲ್ಲಿಯೇ ತೊಡಕಿರುವುದು. 660 ನ್ಯಾನೋಮೀಟರಿನ ಕೆಂಪು ದೀಪವು ಕೆಲವೇ ನ್ಯಾನೋಮೀಟರು ಸರಿದರೂ ಅಂಕೆಯು ತಪ್ಪೀತು. ಆದುದರಿಂದ ಒಳ್ಳೆಯ ತಯಾರಕರು ದೀಪಗಳನ್ನು ಅಳೆದು, ಕಾಳು ಕೇರಿದಂತೆ ವಿಂಗಡಿಸಿಯೇ ಜೋಡಿಸುತ್ತಾರೆ.

ಇನ್ನು, ಆ ಕೋಷ್ಟಕವು ಯಾರ ಬೆರಳುಗಳಿಂದ ಹುಟ್ಟಿತು? ಅಮೇರಿಕೆಯ ಆಹಾರ ಮತ್ತು ಔಷಧ ಆಡಳಿತವು 2013ರ ಸೂಚನೆಯಲ್ಲಿ ಕೇಳಿದುದು ಕನಿಷ್ಠ 10 ಜನರನ್ನು. ಅವರಲ್ಲಿ ಕಡುಗಪ್ಪು ಚರ್ಮದವರು ಇಬ್ಬರಾದರೂ ಇರಬೇಕೆಂದಿತು. 2020ರಲ್ಲಿ ಮಿಶಿಗನ್ನಿನ ವೈದ್ಯರು ಪ್ರಕಟಿಸಿದ ಲೆಕ್ಕವನ್ನು ನೋಡಿರಿ: ಯಂತ್ರವು 92ರಿಂದ 96 ತೋರಿಸಿದಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಮೆಯಿದ್ದ ಪ್ರಸಂಗಗಳು ಬಿಳಿಯರಲ್ಲಿ ನೂರಕ್ಕೆ 3.6, ಕರಿಯರಲ್ಲಿ 11.7. ಹೊಲದ ಬಿಸಿಲುಂಡ ಮೈಯವರಾದ ನಮಗೆ ಇದು ಪರರ ಸಂಗತಿಯಲ್ಲ.

ಹಾಗೆಂದು ಯಂತ್ರವನ್ನು ಬಿಸಾಡಬೇಕಿಲ್ಲ. ಉಗುರುಬಣ್ಣವನ್ನು ತೆಗೆದು, ಕೈಯನ್ನು ಬೆಚ್ಚಗಿರಿಸಿ, ಅಲುಗದೆ ಕುಳಿತು ನೋಡಬೇಕು. ಒಂದು ಸಲದ ಅಂಕೆಗಿಂತ ದಿನದಿನದ ಇಳಿತವನ್ನು ಹೆಚ್ಚಾಗಿ ಗಮನಿಸಬೇಕು. ರೋಗಿಯು ಏದುಸಿರು ಬಿಡುತ್ತಿದ್ದರೆ, ಅಂಕೆ ಎಷ್ಟೇ ಇರಲಿ, ವೈದ್ಯರನ್ನು ಕಾಣಬೇಕು. ತಕ್ಕಡಿಯನ್ನು ನಂಬೋಣ, ಆದರೆ ಎದುರಿಗಿರುವ ಮನುಷ್ಯನ ಮೋರೆಯನ್ನು ನೋಡುವುದನ್ನು ಮರೆಯದಿರೋಣ.