ಆಕಾಶದ ಕೊಡೆಗೆ ತೇಪೆ

ನಮ್ಮಲ್ಲಿ ಹಲವರ ಮನೆಗಳಲ್ಲಿ ಇಂದು ರೆಫ್ರಿಜರೇಟರ್ ಇದೆ. ಅದರ ಹಿಂಬದಿಗೆ ಅಂಟಿಸಿರುವ ಚೀಟಿಯನ್ನು ಓದಿದರೆ ‘ಆರ್-೬೦೦ಎ’ ಎಂಬ ಗುರುತು ಕಾಣಸಿಗಬಹುದು. ಕೊಳವೆಗಳಲ್ಲಿ ಸುತ್ತುತ್ತ ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುವ ಐಸೊಬ್ಯೂಟೇನ್ ಎಂಬ ಅನಿಲದ ಗುರುತು ಅದು. ಈ ಅನಿಲವು ಅಲ್ಲಿಗೆ ಬಂದ ಬಗೆಯನ್ನು ವಿಚಾರಿಸಿದರೆ, ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಬಾಳಲು ಸರ್ಕಾರ, ಉದ್ಯಮ, ಸೇವಾಸಂಸ್ಥೆಗಳು ಏನು ಮಾಡಬೇಕಾಗುತ್ತದೆ ಎಂಬುದು ನಮಗೆ ಮನವರಿಕೆಯಾಗುತ್ತದೆ.

ಮೊದಮೊದಲ ತಂಪುಪೆಟ್ಟಿಗೆಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಮೊದಲಾದ ವಿಷಾನಿಲಗಳಿದ್ದುವು. ಕೊಳವೆ ಸೋರಿದರೆ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಪರಿಹಾರವಾಗಿ ಅಮೆರಿಕದ ಥಾಮಸ್ ಮಿಜ್ಲಿ ಕ್ಲೋರೋಫ್ಲೋರೋಕಾರ್ಬನ್ ಎಂಬ ಸಂಯುಕ್ತಗಳನ್ನು ಮುಂದಿಟ್ಟನು. ೧೯೩೦ರಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ಆತನು ಆ ಅನಿಲವನ್ನು ತಾನೇ ಉಸಿರಿಗೆ ಎಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಅದನ್ನು ಆರಿಸಿ ತೋರಿಸಿದನು. ವಿಷವಿಲ್ಲ, ಬೆಂಕಿಯ ಭಯವಿಲ್ಲ! ಜನರು ಅದನ್ನು ಮೆಚ್ಚಿದುದರಲ್ಲಿ ಸೋಜಿಗವೇನು?

ಆದರೆ ಸುಲಭವಾಗಿ ನಾಶವಾಗದ ಆ ಗುಣವೇ ಮುಳುವಾಯಿತು. ಈ ಅನಿಲಗಳು ಹತ್ತಾರು ವರ್ಷಗಳ ಕಾಲ ಅಳಿಯದೆ ಉಳಿದು ಮೇಲಿನ ವಾಯುಸ್ತರವನ್ನು ಸೇರುತ್ತವೆ. ಅಲ್ಲಿ ಸೂರ್ಯನ ಅತಿನೇರಿಳೆ ಕಿರಣಗಳಿಗೆ ಸಿಕ್ಕಿ ಒಡೆದು ಕ್ಲೋರಿನ್ ಪರಮಾಣುಗಳನ್ನು ಬಿಡುಗಡೆ ಮಾಡುತ್ತವೆ. ಅಂಥ ಒಂದೊಂದು ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ಮುರಿಯಬಲ್ಲದು. ೧೯೭೪ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಕೊಟ್ಟ ಎಚ್ಚರಿಕೆಯ ಸಾರಾಂಶವಿದು. ವಾಯುಮಂಡಲದ ಓಜೋನೆಲ್ಲವನ್ನೂ ನೆಲಮಟ್ಟದ ಒತ್ತಡಕ್ಕೆ ತಂದರೆ ಅದರ ದಪ್ಪ ಸುಮಾರು ೩ ಮಿಲಿಮೀಟರು ಮಾತ್ರ. ಚರ್ಮದ ಕ್ಯಾನ್ಸರು, ಕಣ್ಣಿನ ಪೊರೆಗಳಿಗೆ ಕಾರಣವಾಗುವ ಕಿರಣಗಳನ್ನು ತಡೆಯುವ ನಮ್ಮ ಕೊಡೆ ಅಷ್ಟು ತೆಳು.

ಎಚ್ಚರಿಕೆ ದೊರೆತೊಡನೆ ಜಗತ್ತು ಎಚ್ಚತ್ತಿತೆನ್ನುವಂತಿಲ್ಲ. ಅಮೆರಿಕವು ೧೯೭೮ರಲ್ಲಿ ತುಂತುರು ಡಬ್ಬಿಗಳಲ್ಲಿ ಈ ಅನಿಲಗಳ ಬಳಕೆಯನ್ನು ನಿಷೇಧಿಸಿತು; ತಯಾರಕರಾದರೋ ಸಾಕ್ಷ್ಯ ಸಾಲದೆಂದು ವಾದಿಸುತ್ತ ಬಂದರು. ೧೯೮೫ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಪ್ರತಿ ವಸಂತದಲ್ಲಿಯೂ ಓಜೋನ್ ತೀವ್ರವಾಗಿ ಕುಗ್ಗುತ್ತಿರುವುದನ್ನು ಪ್ರಕಟಿಸಿದರು. ೧೯೮೭ರ ಸೆಪ್ಟೆಂಬರ್ ೧೬ರಂದು ಕೆನಡದ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಈ ಅನಿಲಗಳನ್ನು ಕಡಿತಗೊಳಿಸುವ ಒಪ್ಪಂದ ಮಾಡಿಕೊಂಡುವು. ಮರುವರ್ಷವೇ, ಇವುಗಳ ತಯಾರಿಕೆಯಲ್ಲಿ ಜಗತ್ತಿಗೇ ಮೊದಲಿಗನಾಗಿದ್ದ ಡ್ಯುಪಾಂಟ್ ಕಂಪೆನಿ ಉತ್ಪಾದನೆಯನ್ನು ಕ್ರಮೇಣ ನಿಲ್ಲಿಸುವುದಾಗಿ ಸಾರಿತು. ಕಟ್ಟಳೆ ಎಲ್ಲರಿಗೂ ಒಂದೇ ಆದಾಗ ಬದಲಿ ವಸ್ತುವಿಗೂ ಮಾರುಕಟ್ಟೆ ಹುಟ್ಟುತ್ತದೆಯಷ್ಟೆ.

ಇನ್ನೊಂದು ತೊಡಕು ಉಳಿದಿತ್ತು. ಕೊಡೆಯನ್ನು ಹರಿದವರು ಬಹುಮಟ್ಟಿಗೆ ಸಿರಿವಂತ ದೇಶದವರು. ಹೊಲಿಯುವ ಖರ್ಚನ್ನು ಬಡವರು ಏಕೆ ಹೊರಬೇಕು? ಭಾರತ, ಚೀನಗಳು ಕೇಳಿದ ಈ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ೧೯೯೦ರ ಲಂಡನ್ ಸಭೆಯಲ್ಲಿ, ಹಿಂದುಳಿದ ದೇಶಗಳ ಕಾರ್ಖಾನೆಗಳು ಬದಲಾಗಲು ನೆರವಾಗುವ ನಿಧಿಯೊಂದನ್ನು ಏರ್ಪಡಿಸಲಾಯಿತು. ೧೯೯೨ರಲ್ಲಿ ಭಾರತವೂ ಒಪ್ಪಂದವನ್ನು ಸೇರಿತು.

ಇಷ್ಟಾದರೂ ಉದ್ಯಮವು ಆರಿಸಿಕೊಂಡ ಬದಲಿ ದೋಷಮುಕ್ತವಾಗಿರಲಿಲ್ಲ. ಎಚ್‌ಎಫ್‌ಸಿ-೧೩೪ಎ ಎಂಬ ಆ ಅನಿಲ ಓಜೋನನ್ನು ಕೆಡಿಸದು, ನಿಜ; ಆದರೆ ತೂಕಕ್ಕೆ ತೂಕ ಹೋಲಿಸಿದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಆಗ ಮುಂದೆ ಬಂದುದು ಗ್ರೀನ್‌ಪೀಸ್ ಎಂಬ ಸ್ವಯಂಸೇವಾ ಸಂಸ್ಥೆ. ಅಡಿಗೆ ಅನಿಲದ ಬಳಗಕ್ಕೆ ಸೇರಿದ ಪ್ರೊಪೇನ್, ಬ್ಯೂಟೇನ್‌ಗಳಿಂದ ತಂಪು ಪಡೆಯಬಹುದೆಂದು ಜರ್ಮನಿಯ ಡಾರ್ಟ್‌ಮುಂಡಿನ ಸಂಶೋಧಕರು ತೋರಿಸಿದ್ದರು. ಬೆಂಕಿಯ ಅಪಾಯವಿದೆಯೆಂದು ದೊಡ್ಡ ತಯಾರಕರು ಹಿಂಜರಿದರು. ೧೯೯೨ರಲ್ಲಿ ಗ್ರೀನ್‌ಪೀಸ್, ಪೂರ್ವ ಜರ್ಮನಿಯಲ್ಲಿ ಮುಚ್ಚುವ ಸ್ಥಿತಿಯಲ್ಲಿದ್ದ ಕಾರ್ಖಾನೆಯೊಂದಕ್ಕೆ ಹತ್ತು ಮಾದರಿಗಳನ್ನು ತಯಾರಿಸುವ ಕೆಲಸ ಕೊಟ್ಟು, ಸಾವಿರಾರು ಗ್ರಾಹಕರಿಂದ ಮುಂಗಡವಾಗಿಯೇ ಬೇಡಿಕೆ ಸಂಗ್ರಹಿಸಿತು. ೧೯೯೩ರಲ್ಲಿ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದುವು. ಬೇಕಾದ ಅನಿಲ ಕೆಲವೇ ಹತ್ತು ಗ್ರಾಮುಗಳಷ್ಟಾದುದರಿಂದ ಅಪಾಯವನ್ನು ಹತೋಟಿಯಲ್ಲಿಡಬಹುದೆಂದು ಸ್ಪಷ್ಟವಾಯಿತು. ವಿಧಾನವನ್ನು ಯಾರೊಬ್ಬರೂ ತಮ್ಮ ಸ್ವತ್ತಾಗಿ ಮಾಡಿಕೊಳ್ಳದಿದ್ದುದರಿಂದ ಹಿಂಜರಿದವರೂ ಬೇಗನೆ ಅದನ್ನು ಹಿಡಿದರು. ನಮ್ಮ ಅಡಿಗೆಮನೆಯ ಐಸೊಬ್ಯೂಟೇನ್ ಅದೇ ದಾರಿಯಲ್ಲಿ ಬಂದುದು. ಎಚ್‌ಎಫ್‌ಸಿಗಳನ್ನು ಕಡಿತಗೊಳಿಸಲು ರಾಷ್ಟ್ರಗಳು ಒಪ್ಪಿದುದು ೧೯೧೬ರಲ್ಲಲ್ಲ, ೨೦೧೬ರಲ್ಲಿ, ರುವಾಂಡದ ಕಿಗಾಲಿಯಲ್ಲಿ. ಅಂದರೆ ಸೇವಾಸಂಸ್ಥೆ ದಾರಿ ತೋರಿದ ಇಪ್ಪತ್ತಮೂರು ವರ್ಷಗಳ ತರುವಾಯ.

ಹೀಗೆ ಮೂವರಲ್ಲಿ ಯಾರೊಬ್ಬರಿಂದಲೂ ಕೆಲಸ ಪೂರೈಸುತ್ತಿರಲಿಲ್ಲ. ಉದ್ಯಮಕ್ಕೆ ಕಟ್ಟಳೆಯ ಅಂಕೆ ಬೇಕಾಯಿತು. ಕಟ್ಟಳೆಗೆ ನ್ಯಾಯದ ಬೆಂಬಲ ಬೇಕಾಯಿತು. ಇಬ್ಬರೂ ತಡವರಿಸಿದೆಡೆ ಲಾಭದ ಹಂಗಿಲ್ಲದವರು ಮೊದಲ ಹೆಜ್ಜೆ ಇಡಬೇಕಾಯಿತು. ಕಾವಲೂ ಬೇಕು. ನಿಷೇಧಿತ ಅನಿಲವೊಂದು ವಾಯುಮಂಡಲಕ್ಕೆ ಮತ್ತೆ ಸೇರುತ್ತಿರುವುದನ್ನು ೨೦೧೮ರಲ್ಲಿ ವಿಜ್ಞಾನಿಗಳು ಅಳತೆಗಳಿಂದಲೇ ಪತ್ತೆಹಚ್ಚಿದರು. ಅನಂತರ ಅದು ಇಳಿಮುಖವಾಯಿತು.

ಈಗಿನ ಕ್ರಮಗಳು ಮುಂದುವರಿದರೆ ಅಂಟಾರ್ಕ್ಟಿಕದ ಮೇಲಿನ ಓಜೋನ್ ೧೯೮೦ರ ಮಟ್ಟಕ್ಕೆ ಮರಳುವುದು ಸುಮಾರು ೨೦೬೬ರ ಹೊತ್ತಿಗೆ ಎಂದು ೨೦೨೩ರಲ್ಲಿ ಪ್ರಕಟವಾದ ವಿಶ್ವಸಂಸ್ಥೆಯ ವರದಿ ಅಂದಾಜು ಮಾಡಿದೆ. ಮಾಂಟ್ರಿಯಲ್ಲಿನಲ್ಲಿ ಸಹಿ ಹಾಕಿದವರಲ್ಲಿ ಬಹುಮಂದಿ ಆ ದಿನವನ್ನು ಕಾಣಲಾರರು. ಇಂದು ಹೈಸ್ಕೂಲಿನಲ್ಲಿ ಓದುತ್ತಿರುವವರು ಕಾಣುವರು. ಆಗ ಅವರಿಗೆ ಐವತ್ತು ದಾಟಿರುತ್ತದೆ.