ವೈ-ಫೈ ಡ್ರೈವರ್‌ಗೆ ತೇಪೆ: ಒಂದು ಸಾಲಿನ ತಪ್ಪಿಗೆ ಆರು ವರ್ಷದ ಅಪಾಯ

ಬೆಂಗಳೂರು: ಜಾಲಹಳ್ಳಿಗೂ ನಿಸ್ತಂತು ಸಂಪರ್ಕಕ್ಕೂ ಹಳೆಯ ನಂಟು. ರಕ್ಷಣಾ ಪಡೆಗಳಿಗೆ ವಿದ್ಯುನ್ಮಾನ ಉಪಕರಣಗಳನ್ನು ಒದಗಿಸಲೆಂದು 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ನೆಲೆನಿಂತದ್ದು ಇಲ್ಲಿಯೇ. ಆ ಕಾಲದ ರೇಡಿಯೊ ಉಪಕರಣದ ಗುಣವನ್ನು ನಿರ್ಧರಿಸುತ್ತಿದ್ದುದು ಅದರೊಳಗಿನ ಕವಾಟಗಳು, ಸುರುಳಿಗಳು. ಈಗ ಆ ಸ್ಥಾನವನ್ನು ತಂತ್ರಾಂಶ ಆಕ್ರಮಿಸಿದೆ. ನೌಕಾಪಡೆಗೆ ತಂತ್ರಾಂಶ ಆಧಾರಿತ ರೇಡಿಯೊಗಳನ್ನು ಪೂರೈಸುವ ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಒಪ್ಪಂದಕ್ಕೆ 2021ರ ಫೆಬ್ರವರಿಯಲ್ಲಿ ಇದೇ ಬಿಇಎಲ್ ಸಹಿ ಹಾಕಿತು.

ಮನೆಯ ವೈ-ಫೈ ಕೂಡ ಇದಕ್ಕೆ ಹೊರತಲ್ಲ. ಹಾಗಾದರೆ ಆ ತಂತ್ರಾಂಶದಲ್ಲಿ ಬದಲಾವಣೆ ಮಾಡುವವರು ಯಾರು? ಅದು ಸರಿಯಾಗಿದೆ ಎಂದು ನೋಡುವವರು ಯಾರು?

ಡ್ರೈವರ್ ಎಂದರೇನು?

ಡ್ರೈವರ್ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಬಸ್ಸಿನ ಚಾಲಕ. ಗಣಕಯಂತ್ರದಲ್ಲಿಯೂ ಅವನದು ಬಹುತೇಕ ಅದೇ ಕೆಲಸ. ವೈ-ಫೈ ಚಿಪ್ಪಿಗೆ ಕಾರ್ಯನಿರ್ವಹಣಾ ವ್ಯವಸ್ಥೆಯ ಭಾಷೆ ತಿಳಿಯದು. ವ್ಯವಸ್ಥೆಗೆ ಚಿಪ್ಪಿನ ಒಳಮರ್ಮ ತಿಳಿಯದು. ಇವೆರಡರ ನಡುವೆ ನಿಂತು ನಡೆಸುವ ತಂತ್ರಾಂಶವೇ ಡ್ರೈವರ್. ಇದು ವ್ಯವಸ್ಥೆಯ ಗರ್ಭಗುಡಿಯಾದ ಕರ್ನೆಲ್‌ನೊಳಗೆ ಕುಳಿತಿರುವುದರಿಂದ, ಇಲ್ಲಿ ಎಡವಿದರೆ ಇಡೀ ಯಂತ್ರವೇ ಸ್ಥಗಿತಗೊಳ್ಳಬಹುದು.

ನಿಸ್ತಂತು ಡ್ರೈವರ್‌ಗೆ ಮತ್ತೊಂದು ತೊಡಕಿದೆ. ಅದು ಗಾಳಿಯಲ್ಲಿ ಬರುವ ಸಂದೇಶವನ್ನು ಓದಲೇಬೇಕು. ಕಳುಹಿಸಿದವನು ಮಿತ್ರನೋ ಶತ್ರುವೋ ಎಂಬುದು ಮೊದಲೇ ತಿಳಿಯುವುದಿಲ್ಲ.

2019ರ ಪ್ರಕರಣ

2019ರ ಅಕ್ಟೋಬರ್‌ನಲ್ಲಿ ಲಿನಕ್ಸ್‌ನ ರಿಯಲ್‌ಟೆಕ್ ವೈ-ಫೈ ಡ್ರೈವರ್‌ನಲ್ಲಿ ಬೆಳಕಿಗೆ ಬಂದ ಲೋಪ ಇದಕ್ಕೆ ಉತ್ತಮ ನಿದರ್ಶನ. ವೈ-ಫೈ ಡೈರೆಕ್ಟ್ ಮೂಲಕ ಎರಡು ಸಾಧನಗಳು ನೇರವಾಗಿ ಮಾತನಾಡುವಾಗ, ವಿದ್ಯುತ್ ಉಳಿಸಲೆಂದು ಒಂದು ಸಾಧನ ‘ನಾನು ಇಂತಿಷ್ಟು ಹೊತ್ತು ಇರುವುದಿಲ್ಲ’ ಎಂದು ಸೂಚನೆ ಕಳುಹಿಸುತ್ತದೆ. ಆರಂಭದ 2 ಬೈಟ್‌ಗಳ ನಂತರ, ಇಂತಹ ಪ್ರತಿ ಸೂಚನೆಗೂ 13 ಬೈಟ್ ಜಾಗ.

ಉದ್ದದಿಂದ 2 ಕಳೆದರೆ ಉಳಿಯುವುದು 13ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ ಎಂದು ಡ್ರೈವರ್ ನೋಡುತ್ತಿತ್ತು. ಆದರೆ ಸೂಚನೆಗಳು ಎಷ್ಟು ಎಂಬುದಕ್ಕೆ ಮಿತಿ ಹಾಕಿರಲಿಲ್ಲ. ಅದರ ಬಳಿ ಇದ್ದುದು ಕೇವಲ 2 ಸೂಚನೆಗಳಿಗೆ ಸ್ಥಳ. 41 ಬೈಟ್‌ಗಳ ಸಂದೇಶ ಬಂದರೆ ಲೆಕ್ಕ ಸರಿಹೋಗುತ್ತದೆ, ಸೂಚನೆಗಳು 3 ಆಗುತ್ತವೆ. ಮೂರನೆಯದು ಪಕ್ಕದ ಸ್ಮೃತಿಯ ಮೇಲೆ ಬರೆಯಲ್ಪಡುತ್ತದೆ. ವೈ-ಫೈ ವ್ಯಾಪ್ತಿಯಲ್ಲಿರುವ ದುಷ್ಕರ್ಮಿ, ಬಳಕೆದಾರ ಏನನ್ನೂ ಒತ್ತದಿದ್ದರೂ, ಯಂತ್ರವನ್ನು ಕೆಡಿಸಬಹುದಾಗಿತ್ತು. ಅದನ್ನು ವಶಪಡಿಸಿಕೊಳ್ಳುವ ಸಾಧ್ಯತೆಯ ಬಗೆಗೂ ಆತಂಕ ವ್ಯಕ್ತವಾಯಿತು. ಈ ಕೋಡ್ 2013ರಿಂದಲೂ ಅಲ್ಲಿಯೇ ಇತ್ತು ಎಂಬುದು ಗಮನಾರ್ಹ.

ಪರಿಹಾರವಾಗಿ ಸೇರಿದ್ದು ಎರಡು ಕಡೆ ಬೆರಳೆಣಿಕೆಯ ಸಾಲುಗಳಷ್ಟೆ. ಅದಕ್ಕೂ ಪರಿಶೀಲನೆ ನಡೆಯಿತು. ಮೊದಲ ಕರಡು ಹೆಚ್ಚುವರಿ ಸೂಚನೆ ಬಂದರೆ ದೋಷವೆಂದು ಕೈಬಿಡುವಂತಿತ್ತು. ಎರಡನೆಯ ಕರಡಿನಲ್ಲಿ ಸೂಚನೆಗಳ ಸಂಖ್ಯೆಯನ್ನು ಎರಡಕ್ಕೆ ಮಿತಗೊಳಿಸಲಾಯಿತು.

ಪರಿಶೀಲಕ ನೋಡುವುದೇನು?

ಲಿನಕ್ಸ್‌ನಲ್ಲಿ ಬದಲಾವಣೆಯನ್ನು ಪ್ಯಾಚ್, ಅಂದರೆ ತೇಪೆ ಎನ್ನುತ್ತಾರೆ. ಅದನ್ನು ಎಲ್ಲರೆದುರು ಮಂಡಿಸಬೇಕು. ಒಂದು ತೇಪೆಯಲ್ಲಿ ಒಂದೇ ವಿಷಯವಿರಬೇಕು. ಏಕೆ ಬೇಕಾಯಿತು ಎಂಬ ವಿವರಣೆಯೂ ಇರಬೇಕು. ಬರೆದವರು ಹೊಣೆ ಹೊತ್ತು ಹೆಸರು ನಮೂದಿಸುವ ಪದ್ಧತಿ 2004ರಿಂದ ಇದೆ.

ಪರಿಶೀಲಕರ ಪ್ರಶ್ನೆಗಳು ಸರಳ, ಆದರೆ ಕಠಿಣ. ಹೊರಗಿನಿಂದ ಬಂದ ಅಂಕಿಯನ್ನು ಪರೀಕ್ಷಿಸದೆ ನಂಬಲಾಗಿದೆಯೇ? ಕೆಲಸ ಅರ್ಧದಲ್ಲಿ ಕೆಟ್ಟರೆ ಪಡೆದ ಸ್ಮೃತಿಯನ್ನು ಹಿಂದಿರುಗಿಸಲಾಗುತ್ತದೆಯೇ? ಒಂದೇ ಮಾಹಿತಿಯನ್ನು ಎರಡು ಕಡೆಯಿಂದ ಏಕಕಾಲಕ್ಕೆ ತಿದ್ದಿದರೆ ಗತಿಯೇನು? ಕಾಯಲು ಅವಕಾಶವೇ ಇಲ್ಲದ ಕಡೆ ಕೋಡ್ ಕಾಯುತ್ತಾ ಕೂರುತ್ತದೆಯೇ? ಸಮ್ಮತವಾದ ತೇಪೆ ನಿಸ್ತಂತು ವಿಭಾಗದ ಉಸ್ತುವಾರಿಯಿಂದ ಜಾಲ ವಿಭಾಗಕ್ಕೆ, ಅಲ್ಲಿಂದ ಲೈನಸ್ ಟೊರ್ವಾಲ್ಡ್ಸ್ ಬಳಿಗೆ ಸಾಗುತ್ತದೆ. ಸಾಮಾನ್ಯವಾಗಿ 9-10 ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬೀಳುತ್ತದೆ.

ಇಷ್ಟಾದರೂ ತಪ್ಪುಗಳು ನುಸುಳುತ್ತವೆ. ನೂರಾರು ಸಾಲುಗಳ ಬದಲಾವಣೆ ಒಮ್ಮೆಗೇ ಬಂದರೆ ಇಲ್ಲದ ಸಾಲನ್ನು ಗುರುತಿಸುವುದು ಸುಲಭವಲ್ಲ. ಇರುವ ತಪ್ಪು ಕಣ್ಣಿಗೆ ಬೀಳುತ್ತದೆ. ಬಿಟ್ಟುಹೋದ ಎಚ್ಚರಿಕೆ ಬೀಳುವುದಿಲ್ಲ.

ನಾವೇನು ಮಾಡಬೇಕು?

ಕರ್ನೆಲ್‌ನಲ್ಲಿ ತೇಪೆ ಬಿದ್ದ ಮಾತ್ರಕ್ಕೆ ನಮ್ಮ ಮನೆಯ ಸಾಧನ ಸುರಕ್ಷಿತವಾಗದು. ತಯಾರಕರು ಅದನ್ನು ತಲುಪಿಸಬೇಕು, ನಾವು ಅಳವಡಿಸಿಕೊಳ್ಳಬೇಕು. ಆದುದರಿಂದ ದೂರವಾಣಿ, ಲ್ಯಾಪ್‌ಟಾಪ್ ಮತ್ತು ರೌಟರ್‌ಗಳಿಗೆ ಬರುವ ತಂತ್ರಾಂಶ ನವೀಕರಣವನ್ನು ‘ನಾಳೆ ನೋಡೋಣ’ ಎಂದು ಮುಂದೂಡುವುದು ತರವಲ್ಲ. ಹೊಸ ರೌಟರ್ ಕೊಳ್ಳುವಾಗ ವೇಗವೆಷ್ಟು ಎಂದು ಕೇಳುವ ಮುನ್ನ, ಎಷ್ಟು ವರ್ಷ ನವೀಕರಣ ದೊರೆಯುತ್ತದೆ ಎಂದು ಕೇಳುವುದು ಜಾಣತನ.